ಇಂಗ್ಲಿಷ್ ಎಂ.ಎ.: ಏಣಿಯೋ, ಸಾಣಿಗೆಯೋ?

ಗಂಗಾವತಿ ಸೀಮೆಯ ಹನುಮನಹಳ್ಳಿಯ ಹುಡುಗರು ಹಂಪಿ ನೋಡಲು ಬಂದ ಪರದೇಶದವರ ಜೊತೆ ಇಂಗ್ಲಿಷಿನಲ್ಲಿ ಮಾತಾಡ್ತಾರೆ. ಆನೆಗೊಂದಿಯ ದಾರಿ ಹೇಳ್ತಾರೆ, ಬಾಡಿಗೆ ಚೌಕಾಸಿ ಮಾಡ್ತಾರೆ. ವ್ಯಾಕರಣ ತಪ್ಪಿದರೂ ಕೆಲಸ ತಪ್ಪೋದಿಲ್ಲ. ಅಂಥದೇ ಹುಡುಗ ಇಂಗ್ಲಿಷ್ ಮಾಸ್ತರಾಗಬೇಕೆಂದು ಎಂ.ಎ.ಗೆ ಸೇರಿದರೆ ‘ನನಗ ಬರಂಗಿಲ್ರಿ ಸರ್’ ಅಂತ ಬಾಯಿ ಕಟ್ಟಿಕೊಂಡು ಕೂಡ್ತಾನೆ. ಯಾಕೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಪಠ್ಯಕ್ರಮ, ಹುಡುಗನಲ್ಲ.

1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ, ದಲಿತರ ಮಕ್ಕಳು ಇಂಗ್ಲಿಷ್ ಕಲಿಯಲಿ ಅಂದರು. ಗಲಭೆಯಾಯಿತು, ಮಂತ್ರಿ ಪದವಿ ಹೋಯಿತು. ಬೂಸಾ ಎಂಬ ಮಾತು ಉಳಿಯಿತು, ಇಂಗ್ಲಿಷ್ ಕಲೀರಿ ಎಂಬ ಮಾತು ಹಿಂದೆ ಬಿತ್ತು. ಆದರೆ ಹೊಸಗನ್ನಡ ಸಾಹಿತ್ಯವನ್ನು ಬೆಳೆಸಿದವರು ಯಾರು? ಬಿಎಂಶ್ರೀ, ಗೋಕಾಕ, ಅಡಿಗ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮಾಸ್ತರುಗಳೇ! ಕನ್ನಡಕ್ಕೇ ಪ್ರಥಮ ಭಾಷೆಯ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಬಂದವರು. ಇದನ್ನು ನಾವು ಹಳಿಯೋದಿಲ್ಲ. ಇಂಗ್ಲಿಷ್ ಓದು ಅವರಿಗೆ ಕನ್ನಡವನ್ನು ಹೊಸದಾಗಿ ನೋಡುವ ಕಣ್ಣು ಕೊಟ್ಟಿತು. ಆ ಕಣ್ಣು ನಮ್ಮ ಹುಡುಗರಿಗೆ ಯಾಕೆ ಸಿಗ್ತಿಲ್ಲ ಅಂತ ಕೇಳ್ತೇವೆ.

ಬಾಗಿಲೇನೋ ಹತ್ತಿರ ಬಂದಿದೆ. ಧಾರವಾಡದ ದಾರಿ ಹಿಡಿಯುತ್ತಿದ್ದ ಈ ಸೀಮೆಗೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, 2010ರಲ್ಲಿ ಬಳ್ಳಾರಿಯದು ಬಂತು. ಆದರೆ ಒಳಗಿನ ಪಾಠ? ಚಾಸರನಿಂದ ಎಲಿಯಟ್ ತನಕ ಒಂದೇ ಓಟ. ಮೂಲ ಪುಸ್ತಕ ದೂರ, ಬಜಾರಿನ ಗೈಡು ಹತ್ತಿರ. ಕಾಲೇಜಿನ ಮಾಸ್ತರಿಕೆಗೆ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು, ಪರಿಶಿಷ್ಟರಿಗೆ ಶೇ. 50. ಅದರ ಮೇಲೆ ನೆಟ್ಟೋ ಕೆ-ಸೆಟ್ಟೋ ಪಿಎಚ್.ಡಿ.ಯೋ ಆಗಬೇಕು. ನೆಟ್ಟಿನ ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ. ಎಲ್ಲದಕ್ಕೂ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಒಂದು ಪದ್ಯ ಓದಿ ನಿನಗೇನನ್ನಿಸಿತು ಎಂದು ಕೇಳುವವರಿಲ್ಲ. ಇದು ಏಣಿಯಲ್ಲ, ಸಾಣಿಗೆ. ಹಿಟ್ಟು ಯಾರು, ಬೂಸಾ ಯಾರು ಅಂತ ಅದು ಮೊದಲೇ ತೀರ್ಮಾನ ಮಾಡಿಕೊಂಡಿದೆ.

ದಲಿತ ಸಾಹಿತ್ಯವೂ ಈಗ ಇಂಗ್ಲಿಷಿಗೆ ಹೋಗಿದೆ. ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಹೋಗಿದೆ, ದೇವನೂರರ ‘ಕುಸುಮಬಾಲೆ’ ಹೋಗಿದೆ. ಸಂತೋಷ. ಆದರೆ ಅವನ್ನೂ ಹತ್ತು ಅಂಕದ ಟಿಪ್ಪಣಿ ಮಾಡಿಬಿಟ್ಟರೆ ಕೇರಿಯ ಹುಡುಗ ತನ್ನ ಕೇರಿಯನ್ನೇ ಗೈಡಿನಿಂದ ಬಾಯಿಪಾಠ ಮಾಡಬೇಕಾಗ್ತದೆ. ಅದರ ಬದಲು ‘ಕುಸುಮಬಾಲೆ’ಯನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು, ಕೇರಿಯ ಮಾತು ಇಂಗ್ಲಿಷಿಗೆ ಹೋಗುವಾಗ ಏನು ಉಳಿಯಿತು, ಏನು ಸೋರಿತು ಅಂತ ಕೇಳಿ ನೋಡಲಿ. ಅವತ್ತು ಬಾಯಿ ಕಟ್ಟಿ ಕೂತವನೇ ಎದ್ದು ನಿಂತು ಪಾಠ ಹೇಳ್ತಾನೆ.

ಇದು ಬರೀ ಎಂ.ಎ.ಯವರ ಸಂಕಟವಲ್ಲ. 2007ರಿಂದ ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಗೈಡು ನುಂಗಿ ಬಂದ ಮಾಸ್ತರು ಆ ಕೂಸಿಗೂ ಗೈಡನ್ನೇ ನುಂಗಿಸ್ತಾನೆ. ದುಡ್ಡಿದ್ದವರ ಮಕ್ಕಳು ಕಾನ್ವೆಂಟಿಗೆ ಹೋಗಿ ಮಾತು ಕಲೀತಾರೆ, ಕೂಲಿಯವರ ಮಕ್ಕಳು ಸ್ಪೆಲಿಂಗಿಗೆ ಏಟು ತಿಂತಾರೆ.

ಇಂಗ್ಲಿಷ್ ಬೇಡ ಅಂತ ನಮ್ಮ ಮಕ್ಕಳಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಹೀಗೇ ಕಲೀಬೇಕು ಅನ್ನುವ ಹಕ್ಕೂ ಇಲ್ಲ. ಎಂ.ಎ. ಓದುತ್ತಿರುವ ಗೆಳೆಯರೇ, ಇವತ್ತು ರಾತ್ರಿ ಗೈಡು ಮುಚ್ಚಿ. ಒಂದೇ ಒಂದು ಇಂಗ್ಲಿಷ್ ಪದ್ಯವನ್ನು ನಿಮ್ಮೂರ ಮಾತಿಗೆ ತನ್ನಿ. ಕೇರಿಯ ಕಟ್ಟೆಯ ಮೇಲೆ ಕೂತು ಓದಿ. ಅವ್ವಂದಿರಿಗೆ ತಿಳಿಯಿತೋ ಇಲ್ಲವೋ ಕೇಳಿ. ನಮ್ಮ ಪರೀಕ್ಷೆ ಅದು.