ಆಜ್ಞಾಕ್ಷರಗಳ ಆಯ್ಕೆ: ಒಂದು ವಿವೇಚನೆ

ಗಣಕದ ಟರ್ಮಿನಲ್ ತಂತ್ರಾಂಶಗಳಲ್ಲಿ ಯಾವ ಕೆಲಸಕ್ಕೆ ಯಾವ ಕೀಲಿಯೆಂಬುದನ್ನು ನಿಶ್ಚಯಿಸಿದವರು ಬೆರಳಿನ ಸೌಕರ್ಯವನ್ನೇ ನೋಡಿದರೆಂಬ ಅಭಿಪ್ರಾಯ ಪ್ರಚಾರದಲ್ಲಿದೆ. ಇದನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ ರಚಿಸಿದ 'ವಿಐ' ಎಂಬ ಸಂಪಾದಕವನ್ನು ನೋಡೋಣ. ಅದರಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳು ಕ್ರಮವಾಗಿ ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಸರಿಯುವ ಆಜ್ಞೆಗಳು. ಸೌಕರ್ಯವೇ ಕಾರಣವಾಗಿದ್ದರೆ ಬಲಗೈಯ ಬೆರಳುಗಳು ಸಹಜವಾಗಿ ನೆಲೆಸುವ ಸ್ಥಾನ ಜೆಯಿಂದ ಮೊದಲಾಗಬೇಕಿತ್ತು, ಎಚ್‌ನಿಂದಲ್ಲ. ನಿಜವಾದ ಕಾರಣ ಬೇರೆ. ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನ ಈ ನಾಲ್ಕು ಕೀಲಿಗಳ ಮೇಲೆಯೇ ಬಾಣದ ಗುರುತುಗಳಿದ್ದವು. ಆ ಗುರುತುಗಳಿಗೂ ಪೂರ್ವೇತಿಹಾಸವುಂಟು. 1967ರ ಆಸ್ಕಿ ಸಂಕೇತಕ್ರಮದಲ್ಲಿ ಎಂಟನೆಯ ಸಂಕೇತ ಒಂದು ಸ್ಥಾನ ಹಿಂದಕ್ಕೆ ಸರಿಯುವುದು, ಹತ್ತನೆಯದು ಒಂದು ಸಾಲು ಇಳಿಯುವುದು. ಇಂಗ್ಲಿಷ್ ವರ್ಣಮಾಲೆಯಲ್ಲಿ ಎಚ್ ಎಂಟನೆಯದು, ಜೆ ಹತ್ತನೆಯದು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದವರು ಕಣಿವೆಯನ್ನು ನಿರ್ಮಿಸಲಿಲ್ಲ. ನದಿಯೇ ಕೊರೆದಿಟ್ಟ ಇಕ್ಕಟ್ಟನ್ನು ಉಪಯೋಗಿಸಿಕೊಂಡರು. ಜಾಯ್ ಮಾಡಿದ್ದೂ ಅಂತಹುದೇ.

ಈ ವಿಚಾರ ಕನ್ನಡಿಗರಿಗೆ ಬರಿಯ ಕುತೂಹಲದ್ದಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಬರೆಯುತ್ತಿರುವವನು ಕೆಳಗಿನ ಸಾಲಿಗೆ ಇಳಿಯಲೆಂದು ಜೆ ಒತ್ತಿದರೆ ಯಂತ್ರಕ್ಕೆ ತಲುಪುವುದು 'ರ'. ಎಲ್ ಒತ್ತಿದರೆ 'ತ'. ಆಜ್ಞೆ ನಿಷ್ಫಲವಾಗುತ್ತದೆ. ಆ ವಿನ್ಯಾಸಕ್ಕೆ ಅದರದೇ ಆದ ಯುಕ್ತಿಯುಂಟು: ಭಾರತೀಯ ಲಿಪಿಗಳೆಲ್ಲಕ್ಕೂ ಅಕ್ಷರಸ್ಥಾನ ಒಂದೇ ಆಗಿರಲೆಂಬುದು. ಕೆ. ಪಿ. ರಾಯರ ವಿನ್ಯಾಸ ಉಚ್ಚಾರಣೆಯನ್ನು ಅನುಸರಿಸುತ್ತದೆ. ಅಲ್ಲಿ ಎಚ್, ಜೆ, ಕೆ, ಎಲ್ ಎಂದರೆ ಹ, ಜ, ಕ, ಲ. ಆಜ್ಞೆ ಇಲ್ಲಿಯೂ ತಾನಾಗಿ ನಡೆಯದು. ಆದರೆ ಒಂದೇ ಸ್ಮರಣೆ ಎರಡಕ್ಕೂ ಒದಗುತ್ತದೆ. ಇಂಗ್ಲಿಷ್ ಅಕ್ಷರ ಬಲ್ಲವರಿಗೆ ಮಾತ್ರ ಈ ಲಾಭವೆಂಬುದು ಅದರ ಮಿತಿ. ಟಿ, ಡಿ ಕೀಲಿಗಳು ತ, ದಗಳಿಗೆ ಸಂದುದರಿಂದ ಟ, ಡಗಳು ಕ್ಯೂ, ಡಬ್ಲ್ಯುಗಳಿಗೆ ಹೋದವು. ಒತ್ತಕ್ಷರ ಕೂಡಿಸುವ ಕಾರ್ಯ ಎಫ್‌ನ ಪಾಲಿಗೆ ಬಂದಿತು. ಇವು ಉಚ್ಚಾರಣೆಯಿಂದ ಊಹಿಸಲಾಗದವು, ಕಲಿತೇ ತಿಳಿಯಬೇಕಾದವು.

'ವಿಮ್' ಸಂಪಾದಕದಲ್ಲಿ ಬರೆಯುವಾಗ ಮಾತ್ರ ಕನ್ನಡಾಕ್ಷರ, ಆಜ್ಞೆ ಕೊಡುವಾಗ ಮೂಲಾಕ್ಷರ ಎಂಬ ಏರ್ಪಾಡು ಸಾಧ್ಯವಿದೆ. ತಂತ್ರದ ತೊಡಕಿಗೆ ಇಷ್ಟು ಸಾಕು. ಉಳಿದುದು ಬೋಧನೆಯ ತೊಡಕು. ಕಾರಣ ತಿಳಿಸದೆ ಕೀಲಿಗಳನ್ನು ಬಾಯಿಪಾಠ ಮಾಡಿಸಿದರೆ ಅಂದಿನ ಒಂದು ಯಂತ್ರದ ಅನಿವಾರ್ಯತೆ ಇಂದಿನ ವಿದ್ಯಾರ್ಥಿಗೆ ನಿಯಮವಾಗಿ ಕಾಣುತ್ತದೆ. ನಿಯಮವನ್ನು ಬದಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಕನ್ನಡಕ್ಕೆ ಹೊಸ ತಂತ್ರಾಂಶ ರಚಿಸುವವರು ತಮ್ಮ ಪ್ರತಿಯೊಂದು ಆಯ್ಕೆಯ ಕಾರಣವನ್ನೂ ಬರೆದಿಡುವುದು ಆದಕಾರಣ ಅತ್ಯಗತ್ಯವೆಂದು ನಾವು ಭಾವಿಸುತ್ತೇವೆ.