ಒಬ್ಬಟ್ಟು ಕೊಳ್ಳಬಹುದು, ಸಾರು?

ಯುಗಾದಿಯ ಹಿಂದಿನ ಸಂಜೆ ಬೆಂಗಳೂರಿನ ಯಾವ ಹೋಳಿಗೆ ಅಂಗಡಿಯ ಮುಂದೆ ನಿಂತರೂ ಕಿವಿಗೆ ಬೀಳುವುದು ಇದೇ: "ಬೇಳೆದು ಹತ್ತು, ಕಾಯಿದು ಐದು ಕಟ್ಟಿ." ನಾನೂ ಆ ಸಾಲಿನಲ್ಲಿ ಚೀಲ ಹಿಡಿದು ನಿಂತವನೇ. ಅಂಗಡಿಯ ಒಬ್ಬಟ್ಟು ಚೆನ್ನಾಗಿಯೇ ಇರುತ್ತದೆ. ತೆಳ್ಳಗೆ, ದುಂಡಗೆ, ಅಂಚಿನವರೆಗೂ ಹೂರಣ. ನಮ್ಮವ್ವ ತಟ್ಟುತ್ತಿದ್ದ ಒಬ್ಬಟ್ಟಿಗೆ ಈ ಅಚ್ಚುಕಟ್ಟು ಎಂದೂ ಇರಲಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಣಕ ಹರಿದು ಹೂರಣ ಕಾವಲಿಗೆ ಹತ್ತಿ ಕಪ್ಪಾಗಿರುತ್ತಿತ್ತು. ಹಾಗಾಗಿ ಮನೆಯದ್ದೇ ಮೇಲು ಎಂಬ ಹಳೇ ರಾಗ ನಾನು ಎಳೆಯುವುದಿಲ್ಲ. ಒಬ್ಬಟ್ಟಿನ ಮಟ್ಟಿಗೆ ಅಂಗಡಿಯವರು ಗೆದ್ದಿದ್ದಾರೆ. ನನ್ನ ತಕರಾರು ಆ ಪೊಟ್ಟಣದೊಳಗೆ ಇಲ್ಲದ್ದರ ಬಗ್ಗೆ, ಅಂದರೆ ಸಾರಿನ ಬಗ್ಗೆ.

ಹಳೇ ಮೈಸೂರು ಕಡೆಯ ಅಡುಗೆಮನೆಯಲ್ಲಿ ಒಬ್ಬಟ್ಟು ಮತ್ತು ಒಬ್ಬಟ್ಟಿನ ಸಾರು ಬೇರೆ ಬೇರೆ ಅಡುಗೆಗಳಲ್ಲ, ಒಂದೇ ಪಾತ್ರೆಯಲ್ಲಿ ಹುಟ್ಟಿ ಆಮೇಲೆ ಬೇರೆಯಾದವು. ಅರ್ಧ ಕಿಲೋ ತೊಗರಿಬೇಳೆಗೆ ಎರಡು ಲೀಟರಿನಷ್ಟು ನೀರಿಟ್ಟು, ಚಿಟಿಕೆ ಅರಿಶಿನ, ಒಂದು ತೊಟ್ಟು ಎಣ್ಣೆ ಬಿಟ್ಟು ಬೇಯಿಸಬೇಕು. ಬೇಳೆಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಸಲೀಸಾಗಿ ಮೆತ್ತಗಾಗಬೇಕು, ಆದರೆ ಪಾತ್ರೆಯಲ್ಲಿ ಅದರ ಆಕಾರ ಹೋಗಿರಬಾರದು. ಆ ಗಳಿಗೆಯಲ್ಲೇ ಬಸಿಯಬೇಕು. ಬಸಿದ ನೀರೇ ಕಟ್ಟು. ಬೇಳೆ ಬೆಲ್ಲದ ಜೊತೆಗೆ ಹೋಗಿ ಹೂರಣವಾಗುತ್ತದೆ, ಕಟ್ಟು ಹುಣಸೆಹಣ್ಣಿನ ಜೊತೆಗೆ ಹೋಗಿ ಸಾರಾಗುತ್ತದೆ. ಬೆಲ್ಲವಾಗಲಿ ಹುಣಸೆಯಾಗಲಿ ಮೊದಲೇ ಬಿದ್ದರೆ ಬೇಳೆ ಸರಿಯಾಗಿ ಬೇಯುವುದೇ ಇಲ್ಲ. ಎರಡೂ ತಮ್ಮ ಸರದಿಗೆ ಕಾಯಲೇಬೇಕು.

ಆದರೆ ಈ ಅಡುಗೆಯ ಜಾಣತನ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಬ್ಯಾಡಗಿ ಮೆಣಸಿನಕಾಯಿ, ಕಾಯಿತುರಿ ಇಷ್ಟನ್ನೂ ರುಬ್ಬುವಾಗ ಕೊನೆಗೆ ಒಂದು ನಿಂಬೆಹಣ್ಣಿನ ಗಾತ್ರದ ಹೂರಣವನ್ನು ಕಿತ್ತು ಒಳಗೆ ಹಾಕುತ್ತಾರೆ. ಸಿಹಿಗೆಂದು ಮಾಡಿದ್ದು ಖಾರಕ್ಕೆ ಹೋಗಿ ಸೇರುತ್ತದೆ. ಅದರಲ್ಲಿರುವ ಏಲಕ್ಕಿಯೂ ಸಾರಿಗೆ ಇಳಿಯುತ್ತದೆ. ಸಾರಿಗೆ ಏಲಕ್ಕಿ ಹಾಕಿ ಎಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಇಲ್ಲಿ ಮಾತ್ರ ಅದು ಇಲ್ಲದಿದ್ದರೆ ಏನೋ ಕಡಿಮೆ ಅನ್ನಿಸುತ್ತದೆ. ಹುಳಿ, ಖಾರ, ಸಿಹಿ ಮೂರೂ ಒಂದೇ ತುತ್ತಿನಲ್ಲಿ ಇದ್ದು, ಒಂದು ಇನ್ನೊಂದನ್ನು ತಳ್ಳದ ಸಾರು ಇದಲ್ಲದೆ ಬೇರೊಂದು ನನಗೆ ಗೊತ್ತಿಲ್ಲ. ಇದರ ಮುಂದೆ ಒಬ್ಬಟ್ಟು ಸರಳ. ಬೆಲ್ಲ ಸಿಹಿ, ತುಪ್ಪ ಘಮ, ಅಲ್ಲಿಗೆ ಮುಗಿಯಿತು.

ಉತ್ತರ ಕರ್ನಾಟಕದವರು ಕಡಲೆಬೇಳೆ ಹಾಕುತ್ತಾರೆ. ಹೋಳಿಗೆಗೆ ಅದರಿಂದ ಒಳ್ಳೆಯ ತರಿ ಬರುತ್ತದೆ, ಒಪ್ಪುತ್ತೇನೆ. ಅವರ ಕಟ್ಟಿನ ಸಾರು ನಮ್ಮದಕ್ಕಿಂತ ತೆಳು, ಒಣಕೊಬ್ಬರಿ ಮತ್ತು ಚಕ್ಕೆ ಲವಂಗದ್ದೇ ಮೇಲುಗೈ. ಮಹಾರಾಷ್ಟ್ರದವರು ಇದನ್ನೇ ಕಟಾಚಿ ಆಮಟಿ ಎನ್ನುತ್ತಾರೆ. ಕರಾವಳಿಯ ಕಡೆ ಹೋಳಿಗೆಗೆ ಕಾಯಿಹಾಲು ಬಡಿಸುತ್ತಾರೆ. ಅಲ್ಲಿ ಈ ಸಾರಿಗೆ ಅಂಥ ಪಟ್ಟವಿಲ್ಲ. ಯಾವುದು ಮೇಲು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ, ಆದರೂ ತೊಗರಿಯ ಕಟ್ಟಿನಲ್ಲಿರುವ ಮೈ ಕಡಲೆಯ ಕಟ್ಟಿನಲ್ಲಿಲ್ಲ ಎಂದು ಮೆಲ್ಲಗೆ ಹೇಳಿಬಿಡುತ್ತೇನೆ.

ಒಂದು ವರ್ಷ ಅವ್ವನ ಕೈಗೆ ಪೆಟ್ಟಾಗಿತ್ತು. ಬೇಳೆ ಬೇಯಿಸುವ ಕೆಲಸ ನನಗೆ ಬಂತು. ತಪ್ಪಲೆಯ ಮುಂದೆ ನಿಲ್ಲುವ ತಾಳ್ಮೆ ಯಾರಿಗಿದೆ, ಕುಕ್ಕರಿನಲ್ಲಿಟ್ಟೆ. ಒಂದು ಕೂಗು ಸಾಕಿತ್ತು, ಫೋನಿನಲ್ಲಿ ಮಾತಾಡುತ್ತಾ ಮೂರು ಕೂಗಿಸಿದೆ. ಮುಚ್ಚಳ ತೆಗೆದರೆ ಬೇಳೆಯೂ ಇಲ್ಲ, ನೀರೂ ಇಲ್ಲ, ಎರಡೂ ಬೆರೆತ ಹಳದಿ ಗಂಜಿ. ಬಸಿದಾಗ ಅರ್ಧ ಬೇಳೆ ಕಟ್ಟಿನ ಜೊತೆಗೇ ಹೊರಟುಹೋಯಿತು. ಉಳಿದದ್ದಕ್ಕೆ ಬೆಲ್ಲ ಹಾಕಿ ಎಷ್ಟು ಕೆದಕಿದರೂ ಹೂರಣ ಗಟ್ಟಿಯಾಗಲಿಲ್ಲ. ಅವ್ವ ಬಂದು ನೋಡಿ, "ಹುರಿಗಡ್ಲೆ ಪುಡಿ ಹಾಕ್ಲಾ, ಏನಾರ ಆಗ್ಲಿ" ಎಂದಳು. ಆ ಸಲದ ಒಬ್ಬಟ್ಟನ್ನು ಯಾರೂ ಎರಡನೇದು ಕೇಳಲಿಲ್ಲ. ಸಾರನ್ನು ಮಾತ್ರ ರಾತ್ರಿಯೊಳಗೆ ಬಳಿದು ಖಾಲಿ ಮಾಡಿದ್ದರು. ಅಷ್ಟು ಮಂದವಾದ ಒಬ್ಬಟ್ಟಿನ ಸಾರು ನಮ್ಮ ಮನೆಯಲ್ಲಿ ಮತ್ತೆ ಆಗಿಲ್ಲ.

ಇಷ್ಟು ಹೊಗಳಿದ ಮೇಲೆ ಈ ಹಬ್ಬದೂಟದ ದೊಡ್ಡ ದೋಷವನ್ನೂ ಹೇಳಬೇಕು. ಅದು ರುಚಿಯದ್ದಲ್ಲ, ಬಡಿಸುವ ಪದ್ಧತಿಯದ್ದು. ಒಬ್ಬಟ್ಟು ಕಾವಲಿಯಿಂದ ನೇರ ಎಲೆಗೇ ಬರಬೇಕು ಎಂಬ ಹಠ ನಮ್ಮಲ್ಲಿದೆ. ನೆಂಟರು ಕೂತಿರುತ್ತಾರೆ, ನಾವು ಗಂಡಸರು ಕೂತಿರುತ್ತೇವೆ, "ಬಿಸೀದು ಇನ್ನೊಂದು ಹಾಕವ್ವ" ಎನ್ನುತ್ತಿರುತ್ತೇವೆ. ಒಳಗೆ ಒಬ್ಬಳು ಒಲೆಯ ಬಿಸಿಗೆ ಮುಖ ಕೊಟ್ಟು ಒಂದೂವರೆ ತಾಸು ತಟ್ಟುತ್ತಲೇ ಇರುತ್ತಾಳೆ. ಅವಳು ಉಣ್ಣಲು ಕೂರುವ ಹೊತ್ತಿಗೆ ಉಳಿದವರದ್ದು ಒಂದು ನಿದ್ದೆ ಆಗಿರುತ್ತದೆ. ಅರ್ಧ ಕಿಲೋ ಬೇಳೆಗೆ 25-30 ಒಬ್ಬಟ್ಟು ಏಳುತ್ತವೆ; ಒಂದೊಂದಕ್ಕೂ ಮೂರು ನಿಮಿಷ ಹಿಡಿದರೂ ಲೆಕ್ಕ ಹಾಕಿ.

ಬಿಸಿಯಾಗಿಯೇ ತಿನ್ನಬೇಕೆಂಬುದಕ್ಕೆ ನಾಲಿಗೆಯ ಕಡೆಯಿಂದ ದೊಡ್ಡ ಆಧಾರವೂ ಇಲ್ಲ. ಚಿರೋಟಿ ರವೆಯ ಕಣಕವನ್ನು ಚೆನ್ನಾಗಿ ನಾದಿ, ಎಣ್ಣೆಯಲ್ಲಿ ಮುಳುಗಿಸಿ ಎರಡು ಮೂರು ಗಂಟೆ ಬಿಟ್ಟಿದ್ದರೆ, ಒಬ್ಬಟ್ಟು ಆರಿದ ಮೇಲೂ ಮೆತ್ತಗಿರುತ್ತದೆ. ಮರುದಿನ ತಣ್ಣನೆಯ ಹಾಲು ತುಪ್ಪದ ಜೊತೆ ತಿಂದವರಿಗೆ ಇದು ಗೊತ್ತು. ಹಿಂದಿನ ರಾತ್ರಿ ಎಲ್ಲರೂ ಕೈಜೋಡಿಸಿ ತಟ್ಟಿಟ್ಟುಕೊಂಡರೆ ಹಬ್ಬದ ಮಧ್ಯಾಹ್ನ ಅಡುಗೆಮನೆಯಲ್ಲಿ ಯಾರೂ ಸೆರೆಯಾಗಬೇಕಿಲ್ಲ. ಹೋಳಿಗೆ ಅಂಗಡಿಗಳ ಮುಂದೆ ಸಾಲು ಬೆಳೆದದ್ದು ಸೋಮಾರಿತನದಿಂದ ಎಂದು ಹಿರಿಯರು ಗೊಣಗುತ್ತಾರೆ. ಆ ಸೆರೆಯಿಂದ ಹೆಂಗಸರು ಬಿಡಿಸಿಕೊಂಡದ್ದರಿಂದ ಎಂದು ನನ್ನ ಅಂದಾಜು, ಮತ್ತು ಅದು ಸರಿಯಾಗಿಯೇ ಇದೆ.

ಆದರೆ ಬಿಡುಗಡೆಯ ಜೊತೆಗೆ ಸಾರೂ ಹೋಯಿತು. ಕೊಂಡ ಒಬ್ಬಟ್ಟಿನ ಮನೆಯಲ್ಲಿ ಕಟ್ಟು ಎಲ್ಲಿಂದ ಬರಬೇಕು? ಕೆಲವು ಅಂಗಡಿಗಳಲ್ಲಿ ಹಬ್ಬದ ದಿನ ಸಾರನ್ನೂ ಪೊಟ್ಟಣ ಕಟ್ಟಿ ಕೊಡುತ್ತಾರೆ. ಎರಡು ಮೂರು ಕಡೆ ತಂದು ನೋಡಿದೆ. ಒಂದರಲ್ಲಿ ಬೆಲ್ಲ ಮುಂದು, ಇನ್ನೊಂದು ಮೊನ್ನೆಯ ತಿಳಿಸಾರಿಗೆ ಸಕ್ಕರೆ ಬಿದ್ದ ಹಾಗಿತ್ತು. ಅಂಗಡಿಯವರ ಮನಸ್ಸೆಲ್ಲ ಖರ್ಜೂರ, ಅನಾನಸ್, ಗುಲ್ಕನ್, ಚಾಕೊಲೇಟ್ ಹೋಳಿಗೆಗಳ ಮೇಲಿದೆ. ಚಾಕೊಲೇಟಿನಿಂದ ಯಾವ ಕಟ್ಟು ಬಸಿಯುವುದು?

ಈ ಸಾರಿನ ಇನ್ನೊಂದು ಗುಣ ಅಂಗಡಿಗೆ ಒಗ್ಗುವಂಥದ್ದೂ ಅಲ್ಲ. ಮಾಡಿದ ದಿನ ಅದು ಅರ್ಧ ರುಚಿ ಮಾತ್ರ. ರಾತ್ರಿಗೆ ಒಮ್ಮೆ, ಬೆಳಿಗ್ಗೆ ಒಮ್ಮೆ ಕುದಿಸಿದರೆ ಮಸಾಲೆ ಕಟ್ಟಿಗೆ ಹಿಡಿದು ಬಣ್ಣ ಕಡುವಾಗುತ್ತದೆ. ಮಂಡ್ಯದ ಕಡೆ ಯುಗಾದಿಯ ಮರುದಿನ ಹೊಸತೊಡಕು, ಮನೆ ತುಂಬ ಬಾಡಿನ ಘಮ. ಅಂಥ ದಿನವೂ ಬಾಡಿನೂಟ ಆಗುವ ಮುಂಚೆ, ಬೆಳಗಿನ ತಂಗಳನ್ನಕ್ಕೆ ನಿನ್ನೆಯ ಸಾರು ಹಾಕಿಕೊಂಡು ಕದ್ದು ಉಣ್ಣುವವರನ್ನು ನಾನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಬರುವ ಯುಗಾದಿಗೆ ನೆಂಟರು ಬರುವವರಿದ್ದರೆ, ಒಬ್ಬಟ್ಟನ್ನು ಅಂಗಡಿಯಿಂದಲೇ ತನ್ನಿ, ನಾಚಿಕೆ ಬೇಡ. ಒಂದು ಪಾವು ತೊಗರಿಬೇಳೆಯನ್ನು ಮಾತ್ರ ಮನೆಯಲ್ಲಿ ಬೇಯಲಿಡಿ. ಕಟ್ಟು ಬಸಿದು, ಬೆಂದ ಬೇಳೆಗೆ ಒಂದಿಷ್ಟು ಬೆಲ್ಲ, ಏಲಕ್ಕಿ ಸೇರಿಸಿ ಕೆದಕಿದರೆ ಸಾರಿಗೆ ಬೇಕಾದ ಹೂರಣ ಸಿಕ್ಕಿತು. ಮಿಕ್ಕದ್ದನ್ನು ಮಕ್ಕಳು ಚಮಚದಲ್ಲಿ ತಿಂದು ಮುಗಿಸುತ್ತಾರೆ. ಕುಕ್ಕರ್ ಮಾತ್ರ ಬೇಡ.