ತಾಳಗುಂದಕ್ಕೆ ತಲುಪಿದ ಜಾಲ, ತಲುಪದ ಕನ್ನಡ

ಒಟಿಟಿ ಸೇವೆಗಳ ಗುಣದೋಷವನ್ನು ಬೆಂಗಳೂರಿನ ಫೈಬರ್ ಸಂಪರ್ಕದ ಮುಂದೆ ಕೂತು ಅಳೆದರೆ ಅರ್ಧ ಸತ್ಯವಷ್ಟೇ ಕಾಣುತ್ತದೆ. ಅಲ್ಲಿ ಎಲ್ಲವೂ ಓಡುತ್ತದೆ. ಕೇಳಿದವರಿಗೆ ಕೇಳಿದ ಹೊತ್ತಿಗೆ ಸಿನಿಮಾ, ಧಾರಾವಾಹಿ, ಹಾಡು ತಲುಪಿಸುತ್ತೇವೆಂದು ಚಂದಾ ಪಡೆಯುವ ವ್ಯವಸ್ಥೆಯನ್ನು ಅಳೆಯಬೇಕಾದದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಂಥ ಊರಲ್ಲಿ. ಪಕ್ಕದಲ್ಲೇ ಶಿರಾಳಕೊಪ್ಪದ ಪೇಟೆ, ಆಚೆಗೆ ಸೊರಬದ ಸೀಮೆ. ಜೋಳ, ಭತ್ತ, ಶುಂಠಿ, ಅಡಿಕೆಯ ಕೆಲಸ ಮುಗಿಸಿ ಬಂದವರು ರಾತ್ರಿ ಊಟದ ಹೊತ್ತಿಗೆ ಟಿವಿಯನ್ನೋ ಮೊಬೈಲನ್ನೋ ಮುಂದಿಟ್ಟುಕೊಳ್ಳುತ್ತಾರೆ. ಇಲ್ಲಿಂದ ನೋಡಿದರೆ ನನ್ನ ತೀರ್ಮಾನ ಇಷ್ಟು: ಜಾಲದ ಎಂಜಿನಿಯರಿಂಗ್ ಗೆದ್ದಿದೆ. ಆ ಜಾಲದಲ್ಲಿ ಹರಿದು ಬರುವ ಸರಕು ಕನ್ನಡಿಗರ ಪಾಲಿಗೆ ಸೋತಿದೆ.

ಕೇಳಿ ಪಡೆಯುವ ಅಭ್ಯಾಸ ಈ ಸೀಮೆಗೆ ಹೊಸದೇನಲ್ಲ. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಹಾಡು ಕೋರಿ ಪೋಸ್ಟ್ ಕಾರ್ಡ್ ಬರೆದು, ತಮ್ಮ ಹೆಸರು ರೇಡಿಯೊದಲ್ಲಿ ಬರುವುದಕ್ಕಾಗಿ ಕಾದವರು ಈ ಭಾಗದಲ್ಲಿ ಮನೆಗೊಬ್ಬರಂತೆ ಇದ್ದರು. ಎಂಬತ್ತರ ದಶಕದಲ್ಲಿ ಜಾತ್ರೆಗೋ ಮದುವೆಗೋ ಪೇಟೆಯಿಂದ ಟಿವಿ ಮತ್ತು ವಿಸಿಪಿ ಬಾಡಿಗೆಗೆ ತಂದು, ರಾತ್ರಿಯಿಡೀ ಮೂರು ಸಿನಿಮಾ ಹಾಕಿಸುತ್ತಿದ್ದರು. ಯಾವ ಕ್ಯಾಸೆಟ್ ತರಬೇಕೆಂದು ಊರಲ್ಲಿ ಮೊದಲೇ ಜಗಳವಾಗುತ್ತಿತ್ತು. ಆಮೇಲೆ ಕೇಬಲ್ ಬಂತು. ಕೇಬಲ್‌ನವರಿಗೆ ಫೋನ್ ಮಾಡಿ ‘ಇವತ್ತು ರಾತ್ರಿ ಅಣ್ಣಾವ್ರದ್ದೊಂದು ಹಾಕ್ರಿ’ ಅಂದರೆ ಎಷ್ಟೋ ಊರುಗಳಲ್ಲಿ ಅದು ಸ್ಥಳೀಯ ಚಾನೆಲ್ಲಿನಲ್ಲಿ ಬರುತ್ತಿತ್ತು. ಹಕ್ಕಿನ ಕಾಗದಪತ್ರವನ್ನು ಯಾರೂ ಕೇಳುತ್ತಿರಲಿಲ್ಲ. ಅದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಕೇಳಿದ್ದನ್ನು ಹಾಕುತ್ತಿದ್ದ ಮನುಷ್ಯ ಕೇಳುವವರ ಭಾಷೆಯವನೇ ಆಗಿದ್ದ, ಅವರ ರುಚಿ ಬಲ್ಲವನಾಗಿದ್ದ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. 2017ರ ಮಾರ್ಚ್ ಹೊತ್ತಿಗೆ ಹಳ್ಳಿಯ ಕೇಬಲ್ಲೂ ಡಿಜಿಟಲ್ ಆಗಬೇಕೆಂಬ ಗಡುವು ಮುಗಿಯಿತು. ಅಲ್ಲಿಂದಾಚೆ ಆಟದ ನಿಯಮವೇ ಬೇರೆ.

ಈ ಹೊಸ ಜಾಲದ ಕುಶಲತೆಯನ್ನು ಮೆಚ್ಚದಿರುವುದು ಅನ್ಯಾಯ. ಮೊಬೈಲಿನಲ್ಲಿ ಸಿನಿಮಾ ಒತ್ತಿದಾಗ ಮೊದಲ ಕೆಲವು ಕ್ಷಣ ಚಿತ್ರ ಮಸುಕಾಗಿದ್ದು, ಆಮೇಲೆ ತಿಳಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದು ದೋಷವಲ್ಲ, ಲೆಕ್ಕಾಚಾರ. ಒಂದೇ ಸಿನಿಮಾವನ್ನು ಕಂಪನಿ ಹಲವು ಗುಣಮಟ್ಟದಲ್ಲಿ ತಯಾರಿಸಿ ಇಟ್ಟಿರುತ್ತದೆ. ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿರುತ್ತದೆ. ಫೋನಿನಲ್ಲಿರುವ ಪ್ಲೇಯರ್ ಮೊದಲು ಹಗುರವಾದ ತುಣುಕನ್ನು ತರಿಸಿಕೊಳ್ಳುತ್ತದೆ, ಅದು ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುತ್ತದೆ, ಆ ಅಳತೆ ನೋಡಿ ಮುಂದಿನ ತುಣುಕು ಯಾವ ಗುಣಮಟ್ಟದ್ದಿರಬೇಕೆಂದು ತಾನೇ ನಿರ್ಧರಿಸುತ್ತದೆ. ಮಳೆ ಹೊಡೆದು ಸಿಗ್ನಲ್ ಕುಗ್ಗಿದರೆ ಚಿತ್ರ ಮಂಕಾಗುತ್ತದೆ, ಸುಲಭಕ್ಕೆ ನಿಲ್ಲುವುದಿಲ್ಲ. ಸಿನಿಮಾ ಪ್ರತಿ ಸಲವೂ ಸಮುದ್ರದಾಚೆಯಿಂದ ಬರುವುದೂ ಇಲ್ಲ. ಹೆಚ್ಚು ಜನ ನೋಡುವ ಪ್ರತಿಗಳನ್ನು ನಮ್ಮ ಸಮೀಪದ ನಗರಗಳ ಸರ್ವರ್‌ಗಳಲ್ಲೇ ಶೇಖರಿಸಿಟ್ಟಿರುತ್ತಾರೆ. ನೆಟ್‌ಫ್ಲಿಕ್ಸ್ 2012ರಿಂದ ಇಂಥ ಶೇಖರಣಾ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳಿಗೆ ಉಚಿತವಾಗಿ ಕೊಡುತ್ತಾ ಬಂದಿದೆ. ಜಾಲ ಬಿಡುವಾಗಿರುವ ಹೊತ್ತಿನಲ್ಲಿ ಅವು ಹೊಸ ಸಿನಿಮಾಗಳನ್ನು ತುಂಬಿಕೊಳ್ಳುತ್ತವೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಿದರು. ಅಷ್ಟು ಜನರಿಗೆ ಬೇರೆ ಬೇರೆಯಾಗಿ ಚಿತ್ರ ಹರಿಸಿದ್ದು ಸಣ್ಣ ಸಾಧನೆಯಲ್ಲ.

ಆದರೆ ಹಳ್ಳಿಯ ಕಷ್ಟ ಹುಟ್ಟುವುದೂ ಈ ‘ಬೇರೆ ಬೇರೆಯಾಗಿ’ ಎಂಬಲ್ಲೇ. ದೂರದರ್ಶನದ ಗೋಪುರ ಒಂದೇ ತರಂಗವನ್ನು ಬಿಟ್ಟರೆ ಹತ್ತು ಮನೆಯವರು ನೋಡಿದರೂ ಸಾವಿರ ಮನೆಯವರು ನೋಡಿದರೂ ಗೋಪುರಕ್ಕೆ ಹೊರೆ ಹೆಚ್ಚುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಒಂದೇ ಓಣಿಯ ಇಪ್ಪತ್ತು ಮನೆಯವರು ಒಂದೇ ಸಿನಿಮಾವನ್ನು ನೋಡಿದರೂ ಇಪ್ಪತ್ತು ಪ್ರತಿಗಳು ಅದೇ ಟವರಿನಿಂದ ಇಳಿಯಬೇಕು. ರಾತ್ರಿ ಎಂಟರಿಂದ ಹತ್ತರವರೆಗೆ ಹಳ್ಳಿಯ ಟವರ್ ಏದುಸಿರು ಬಿಡುವುದು ಇದಕ್ಕೇ. ಸಾಧಾರಣ ಗುಣಮಟ್ಟದಲ್ಲೂ ಗಂಟೆಗೆ ಮುಕ್ಕಾಲರಿಂದ ಒಂದು ಜಿಬಿ ಡೇಟಾ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವರಿಗೆ ಎರಡೂವರೆ ಗಂಟೆಯ ಕನ್ನಡ ಸಿನಿಮಾದ ಕ್ಲೈಮ್ಯಾಕ್ಸ್ ಸಿಗುವುದೇ ಅನುಮಾನ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದದ್ದು 2015ರಲ್ಲಿ. ಪಂಚಾಯಿತಿ ಕಚೇರಿಯಿಂದ ಮನೆಯ ಬಾಗಿಲವರೆಗಿನ ಕೊನೆಯ ತಂತಿ ಮಾತ್ರ ಇವತ್ತಿಗೂ ಬಹಳ ಕಡೆ ಬಾಕಿ. ಆಂಧ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಉದ್ಘಾಟಿಸಿದ ಫೈಬರ್‌ನೆಟ್‌ನಲ್ಲಿ ತಿಂಗಳಿಗೆ 149 ರೂಪಾಯಿಯ ಆರಂಭಿಕ ಪ್ಯಾಕಿಗೆ ಟಿವಿ, ಇಂಟರ್ನೆಟ್, ಫೋನ್ ಮೂರನ್ನೂ ಕೊಟ್ಟಿತು. ನಮ್ಮಲ್ಲಿ ಅಂಥ ಪ್ರಯತ್ನ ಆ ಪ್ರಮಾಣದಲ್ಲಿ ನಡೆಯಲೇ ಇಲ್ಲ.

ಇಷ್ಟೆಲ್ಲ ಇದ್ದರೂ ಜಾಲದ ಕೊರತೆ ತುಂಬಿಬರುವಂಥದ್ದು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕೊರತೆ. ತಾಳಗುಂದ ಹೋಬಳಿಯ ಪರಿಚಿತರ ಮನೆಯೊಂದರಲ್ಲಿ ಅದನ್ನು ಹತ್ತಿರದಿಂದ ನೋಡಿದೆ. ಅಜ್ಜಿ ಮೊಮ್ಮಗನನ್ನು ಕೇಳಿದ್ದು ಸಿನಿಮಾದ ಹೆಸರು ಹೇಳಿ ಅಲ್ಲ. ‘ಅದೇ ಕಣೋ ಮಗಾ, ಲೋಕನಾಥು ಉಪ್ಪಿನಕಾಯಿ ನೆಕ್ಕುತಾನಲ್ಲ, ಅದನ್ನ ಹಾಕು.’ 1974ರ ‘ಭೂತಯ್ಯನ ಮಗ ಅಯ್ಯು’ ಕಂಡವರಿಗೆ ಇದಕ್ಕಿಂತ ಚೊಕ್ಕ ಗುರುತು ಬೇಡ. ಹುಡುಗ ವರ್ಷದ ಚಂದಾ ಕಟ್ಟಿದ್ದ ಆ್ಯಪ್ ತೆರೆದ. ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದ, ಏನೂ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ‘ಭೂತಯ್ಯ’ವನ್ನು ಎರಡು ಮೂರು ಬಗೆಯಲ್ಲಿ ಬರೆದು ನೋಡಿದ. ತೆರೆಯ ಮೇಲೆ ಸಾಲಾಗಿ ಬಂದದ್ದು ದೆವ್ವದ ಸಿನಿಮಾಗಳು, ಅವೂ ಬೇರೆ ಭಾಷೆಯವು, ಕೆಲವಕ್ಕೆ ಕನ್ನಡ ಡಬ್ಬಿಂಗ್. ಕೊನೆಗೆ ಉಚಿತ ವಿಡಿಯೊ ತಾಣವೊಂದರಲ್ಲಿ ಸಿನಿಮಾ ಸಿಕ್ಕಿತು. ಬಣ್ಣ ಮಾಸಿತ್ತು, ಚೌಕಟ್ಟಿನ ಅಂಚು ಕತ್ತರಿಸಿತ್ತು, ಉಪ್ಪಿನಕಾಯಿಯ ದೃಶ್ಯದ ನಡುವೆಯೇ ಜಾಹೀರಾತು ಬಂತು. ಅಜ್ಜಿ ನಕ್ಕರು, ಖುಷಿಪಟ್ಟರು. ನನಗೆ ಮಾತ್ರ ಸಿಟ್ಟು ಬಂತು. ದುಡ್ಡು ಕೊಟ್ಟ ಕಡೆ ಕೇಳಿದ್ದು ಇರಲಿಲ್ಲ, ಇದ್ದ ಕಡೆ ಅದಕ್ಕೆ ಮರ್ಯಾದೆ ಇರಲಿಲ್ಲ.

ಡಬ್ಬಿಂಗ್ ಮೇಲೆ ನನಗೆ ತಕರಾರಿಲ್ಲ. ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟದ್ದು ನೋಡುಗರಿಗೆ ಒಳ್ಳೆಯದೇ ಆಯಿತು. ಇಂಗ್ಲಿಷ್, ಹಿಂದಿ ಬಾರದ ಹಿರಿಯರು ಲೋಕದ ಕತೆಗಳನ್ನು ತಮ್ಮ ನುಡಿಯಲ್ಲಿ ಕೇಳುವಂತಾಯಿತು. ಆದರೆ ಡಬ್ ಆದ ಸಿನಿಮಾಗಳ ಸಾಲನ್ನೇ ತೋರಿಸಿ ‘ನಮ್ಮಲ್ಲಿ ಕನ್ನಡ ಬೇಕಾದಷ್ಟಿದೆ’ ಎಂದು ಕಂಪನಿಗಳು ಹೇಳುವಾಗ ಒಪ್ಪಲಾರೆ. ಕನ್ನಡದಲ್ಲೇ ಹುಟ್ಟಿದ ಕತೆಗೆ ಅವರು ಹಾಕುವ ಬಂಡವಾಳ ಎಷ್ಟು ಎಂಬುದೇ ಅಳತೆಗೋಲು. ಲಾಕ್‌ಡೌನ್‌ನಲ್ಲಿ ಆಸೆ ಚಿಗುರಿತ್ತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ 2020ರ ಜುಲೈನಲ್ಲಿ ಥಿಯೇಟರ್ ಕಾಣದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದವು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತ್ತು. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ಕರಾವಳಿಯ ಏಳು ಕತೆಗಳನ್ನು ಹೆಣೆದು ‘ಏಕಂ’ ವೆಬ್ ಸರಣಿ ಮಾಡಿತು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವರು ನಟಿಸಿದ್ದರೂ ಅದಕ್ಕೆ ಕೊಳ್ಳುವ ವೇದಿಕೆ ಸಿಗದೆ, 2024ರ ಜುಲೈ 13ರಂದು ತಾವೇ ಜಾಲತಾಣ ಮಾಡಿ 149 ರೂಪಾಯಿಗೆ ಬಿಡುಗಡೆ ಮಾಡಬೇಕಾಯಿತು. ಒಬ್ಬ ಹೆಸರಾಂತ ನಟ-ನಿರ್ಮಾಪಕನ ಪಾಡೇ ಇದಾದರೆ ಸೊರಬದ ಯಾವುದೋ ಹುಡುಗ ಮಾಡಿದ ಮೊದಲ ಚಿತ್ರದ ಗತಿ ಏನು?

ಮಾರುಕಟ್ಟೆ ಸಣ್ಣದು ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ, ಮಲಯಾಳಂ ಎಂದು ಬರೆಸಿದವರು 3.48 ಕೋಟಿ. ಆದರೂ ಮಲಯಾಳಂ ಚಿತ್ರಗಳಿಗೆ ಒಟಿಟಿಯಲ್ಲಿ ಸಿಗುವ ಗೌರವ ನಮಗಿಲ್ಲ. ಬಂಗಾಳಿಗೆ 2017ರಿಂದ ‘ಹೊಯ್‌ಚೊಯ್’ ಇದೆ, ತೆಲುಗಿಗೆ 2020ರಿಂದ ‘ಆಹಾ’ ಇದೆ. ಆ ಎತ್ತರದಲ್ಲಿ ನಿಲ್ಲುವ ಕನ್ನಡದ್ದೇ ವೇದಿಕೆ ಒಂದೂ ಇಲ್ಲ.

ಉಳಿಯುವಿಕೆಯ ಪ್ರಶ್ನೆಯೂ ಇದೆ, ಅದನ್ನು ತಾಳಗುಂದದಲ್ಲಿ ನಿಂತು ಕೇಳಲೇಬೇಕು. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಲ್ಲಿ ಕುಬ್ಜ ಕವಿ ರಚಿಸಿದ ಕದಂಬರ ಸಂಸ್ಕೃತ ಕಾವ್ಯವಿದೆ. ಐದನೆಯ ಶತಮಾನದ ಆ ಅಕ್ಷರಗಳನ್ನು ಇವತ್ತೂ ಓದಬಹುದು. ಅಲ್ಲೇ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನದಲ್ಲಿ ಕನ್ನಡವಿದೆ. ಅದನ್ನು ಪುರಾತತ್ವ ಸರ್ವೇಕ್ಷಣಾ ಇಲಾಖೆ ಕ್ರಿ.ಶ. 370ರದ್ದೆಂದು ಗುರುತಿಸಿದೆ, ಅಂದರೆ ಹಲ್ಮಿಡಿ ಶಾಸನಕ್ಕಿಂತಲೂ ಹಿಂದಿನದು. ಕಲ್ಲಿನ ಬರಹ ಹೀಗೆ ಉಳಿದಿದೆ, ಒಟಿಟಿಯಲ್ಲಿ ಚಂದಾ ಕಟ್ಟಿದವನ ಕೈಯಲ್ಲಿ ಮಾತ್ರ ಏನೂ ಉಳಿಯುವುದಿಲ್ಲ. ಪರವಾನಗಿ ಮುಗಿದ ದಿನ ಸಿನಿಮಾ ಪಟ್ಟಿಯಿಂದ ಮಾಯವಾಗುತ್ತದೆ. ಇರುವ ಪ್ರತಿಯೂ ಬದಲಾಗಬಹುದು. 2022ರ ನವೆಂಬರ್‌ನಲ್ಲಿ ‘ಕಾಂತಾರ’ ಪ್ರೈಮ್‌ಗೆ ಬಂದಾಗ ಹಕ್ಕುಸ್ವಾಮ್ಯದ ವ್ಯಾಜ್ಯದಿಂದಾಗಿ ‘ವರಾಹ ರೂಪಂ’ ಹಾಡಿನ ಧಾಟಿಯೇ ಬೇರೆಯಾಗಿತ್ತು. ಥಿಯೇಟರಿನಲ್ಲಿ ಮೈಜುಮ್ಮೆನಿಸಿದ ಹಾಡನ್ನು ಮನೆಯಲ್ಲಿ ಕೇಳಲು ಕೂತವರಿಗೆ ಅದು ಸಿಗಲಿಲ್ಲ. ನ್ಯಾಯಾಲಯದ ವಿಚಾರ ನ್ಯಾಯಾಲಯಕ್ಕಿರಲಿ. ಕನ್ನಡ ಸಿನಿಮಾದ ಅಧಿಕೃತ ಪ್ರತಿ ಎಲ್ಲಿ, ಯಾರ ಕೈಯಲ್ಲಿ ಇರಬೇಕು ಎಂಬ ಪ್ರಶ್ನೆಗೆ ನಾವು ಉತ್ತರ ಕಂಡುಕೊಂಡಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದ್ದು. ಅದು ದುರಸ್ತಿಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಆ ಕೆಲಸಕ್ಕೆ ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಷನ್ ಮತ್ತು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಕೈಜೋಡಿಸಿದವು. ಮಲೆನಾಡಿನ ಕತೆಯೊಂದರ ಚಿತ್ರ ಉಳಿಯಲು ನ್ಯೂಯಾರ್ಕಿನವರೂ ಮುಂಬೈಯವರೂ ಬರಬೇಕಾಯಿತು.

ಕೇಳಿದ್ದನ್ನು ಕೊಡುವುದಷ್ಟೇ ಸಾಕೆ ಎಂಬ ಅನುಮಾನವೂ ನನಗಿದೆ. ಸೊರಬಕ್ಕೆ ತಾಗಿಕೊಂಡಿರುವ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತಂದು ಅಡಿಕೆ ಬೆಳೆಗಾರರಿಗೆ, ಕೂಲಿಯವರಿಗೆ ತೋರಿಸಿ, ಅವುಗಳ ಬಗ್ಗೆ ಕನ್ನಡದಲ್ಲಿ ಮಾತಾಡಿದರು. ಅವನ್ನು ಯಾರೂ ಕೇಳಿರಲಿಲ್ಲ, ಕೇಳಲು ಅವುಗಳ ಹೆಸರೇ ಗೊತ್ತಿರಲಿಲ್ಲ. ಬಲ್ಲವರೊಬ್ಬರು ಆರಿಸಿ ತಂದರು, ಜನ ಬಂದು ನೋಡಿದರು. ಇಂದಿನ ಆ್ಯಪ್ ನಾವು ನಿನ್ನೆ ನೋಡಿದ್ದನ್ನು ಲೆಕ್ಕಹಾಕಿ ಅಂಥದ್ದನ್ನೇ ಇವತ್ತೂ ಮುಂದಿಡುತ್ತದೆ. ಹೊಡೆದಾಟದ ಸಿನಿಮಾ ನೋಡಿದವನಿಗೆ ಇನ್ನೊಂದು ಹೊಡೆದಾಟ. ಸುಬ್ಬಣ್ಣನವರ ಕೆಲಸವನ್ನು ಈ ಲೆಕ್ಕಾಚಾರ ಮಾಡಲಾರದು, ಅದಕ್ಕೆ ಆರಿಸುವ ಮನುಷ್ಯರೇ ಬೇಕು.

ಪರಿಹಾರದ ಯತ್ನಗಳೂ ಶುರುವಾಗಿವೆ. ಕೇರಳ ಸರ್ಕಾರ 2024ರ ಮಾರ್ಚ್ 7ರಂದು ‘ಸಿ-ಸ್ಪೇಸ್’ ಎಂಬ ತನ್ನದೇ ಒಟಿಟಿ ತೆರೆಯಿತು. ಶುರುವಿಗೆ 42 ಚಿತ್ರಗಳು, ಕತೆಚಿತ್ರಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕನಿಗೆ. ಸರಿಯಾಗಿ ಒಂದು ವರ್ಷಕ್ಕೆ, 2025ರ ಮಾರ್ಚ್ 7ರ ಬಜೆಟ್ಟಿನಲ್ಲಿ, ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆ ಮಾಡುವುದಾಗಿ ನಮ್ಮ ಸರ್ಕಾರವೂ ಹೇಳಿತು. ನಾಡಿನ ಬದುಕನ್ನು ಬಿಂಬಿಸುವ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿಯನ್ನೂ ಘೋಷಿಸಿತು. ಘೋಷಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇನ್ನೊಂದು ಆ್ಯಪ್ ಮಾಡಿ ಬೆಂಗಳೂರಿನಲ್ಲಿ ಉದ್ಘಾಟಿಸಿದರೆ ತಾಳಗುಂದದ ಅಜ್ಜಿಗೆ ಏನೂ ದಕ್ಕುವುದಿಲ್ಲ.

ಆ ವೇದಿಕೆಯಲ್ಲಿ ಕನ್ನಡ ಲಿಪಿಯಲ್ಲಿ ಬರೆದರೂ, ಬಾಯಲ್ಲಿ ಹೇಳಿದರೂ ಸಿನಿಮಾ ಸಿಗಬೇಕು. ವರ್ಷದ ಚಂದಾ ಬೇಡ, ನೋಡಿದ ಸಿನಿಮಾಕ್ಕೆ ಮಾತ್ರ ದುಡ್ಡು ಸಾಕು. ದೊಡ್ಡ ಕಂಪನಿಗಳು ನಗರದ ಸರ್ವರ್ ಕೋಣೆಗಳಲ್ಲಿ ಇಡುವಂಥ ಶೇಖರಣಾ ಪೆಟ್ಟಿಗೆಯ ಚಿಕ್ಕ ರೂಪವನ್ನು ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಇಡಬಹುದು. ಜಾಲ ಬಿಡುವಾಗಿರುವ ರಾತ್ರಿಯಲ್ಲಿ ಅದು ಸಿನಿಮಾ ತುಂಬಿಕೊಂಡರೆ, ಹಗಲು ವೈಫೈ ಮೂಲಕ ಊರವರು ಡೇಟಾ ಖರ್ಚಿಲ್ಲದೆ ಫೋನಿಗೆ ಇಳಿಸಿಕೊಳ್ಳಬಹುದು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಕನ್ನಡ ಚಿತ್ರಗಳಿಗೆ ಸರ್ಕಾರ ಪ್ರತಿವರ್ಷ ಜನರ ತೆರಿಗೆಯಿಂದ ಸಹಾಯಧನ ಕೊಡುತ್ತದೆ. ಸಹಾಯಧನ ಪಡೆದ ಪ್ರತಿ ಚಿತ್ರದ ಪೂರ್ಣ ಪ್ರತಿಯೊಂದು ಭಂಡಾರಕ್ಕೆ ಬರಬೇಕು, ನಿರ್ಮಾಪಕರ ದುಡಿಮೆಯ ವರ್ಷಗಳು ಕಳೆದ ಮೇಲೆ ಅದು ಅರಿವು ಕೇಂದ್ರಗಳಲ್ಲಿ ಉಚಿತವಾಗಿ ಸಿಗಬೇಕು. ಈ ಷರತ್ತನ್ನು ಒಟಿಟಿ ಯೋಜನೆಯ ಆದೇಶದಲ್ಲೇ ಬರೆಯಿರಿ ಎಂದು ಸರ್ಕಾರವನ್ನೂ, ಇದಕ್ಕೆ ಅಡ್ಡಬರಬೇಡಿ ಎಂದು ಚಿತ್ರರಂಗದವರನ್ನೂ ಕೇಳಿಕೊಳ್ಳುತ್ತೇನೆ.